ಕಡಲನ್ನು ಗಾಜಿನ ತೊಟ್ಟಿಗೆ ತಂದ ಫಿಲಿಪ್ ಹೆನ್ರಿ ಗಾಸ್



ನಾನು ನಿಮ್ಮ ವಯಸ್ಸಿನವಳಾಗಿದ್ದಾಗ ಬೋರ್ಡಿಂಗಿನ ಹುಡುಗಿಯರೊಡನೆ ಒಮ್ಮೆ ಕಡಲತೀರಕ್ಕೆ ಹೋಗಿದ್ದೆನು. ಇಳಿತದ ಸಮಯದಲ್ಲಿ ಬಂಡೆಗಳ ಸಂದಿನಲ್ಲಿ ನಿಂತಿದ್ದ ನೀರಿನಿಂದ ಎರಡು ಏಡಿಮರಿಗಳನ್ನೂ ಒಂದು ಕಡಲಹೂವನ್ನೂ ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿಕೊಂಡು ಬಂದು, ಯಾರಿಗೂ ಕಾಣದಂತೆ ಮಂಚದ ಕೆಳಗೆ ಇಟ್ಟೆನು. ಹಸಿದಿರಬಹುದೆಂದು ಹಿಡಿ ಅನ್ನವನ್ನೂ ಹಾಕಿದೆನು. ಮರುದಿನ ಸಾಯಂಕಾಲದೊಳಗೆ ಮೂರೂ ಸತ್ತು, ನೀರು ನಾರತೊಡಗಿತು. ನಾನು ಅತ್ತೆನಾದರೂ ನನ್ನ ತಪ್ಪು ಏನೆಂಬುದು ನನಗೆ ತಿಳಿಯಲಿಲ್ಲ. ಬಹುಕಾಲದ ತರುವಾಯ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಓದುವಾಗ ಅದು ನನಗೆ ಗೊತ್ತಾಯಿತು. ಆ ಮಹನೀಯರೇ ಫಿಲಿಪ್ ಹೆನ್ರಿ ಗಾಸ್. ಇಂದು ಲೋಕದ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿರುವ ಅಕ್ವೇರಿಯಂ ಎಂಬ ಮಾತಿಗೆ ಈಗಿನ ಅರ್ಥವನ್ನು ಕೊಟ್ಟು ರೂಢಿಗೆ ತಂದವರು ಇವರೇ.

ಗಾಸರು 1810ನೆಯ ಇಸವಿ ಏಪ್ರಿಲ್ 6ರಂದು ಇಂಗ್ಲೆಂಡಿನ ವುಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆ ಊರಿಂದೂರಿಗೆ ತಿರುಗಿ ಚಿಕ್ಕ ಚಿತ್ರಗಳನ್ನು ಬರೆದು ಜೀವಿಸುವ ಚಿತ್ರಕಾರ. ತಾಯಿ ಮದುವೆಗೆ ಮುಂಚೆ ಶ್ರೀಮಂತರ ಮನೆಯಲ್ಲಿ ಸೇವೆಗಿದ್ದವಳು. ಮನೆಯಲ್ಲಿ ಬಡತನವಿದ್ದಿತು. ಕುಟುಂಬವು ಪೂಲ್ ಎಂಬ ರೇವುಪಟ್ಟಣಕ್ಕೆ ಬಂದು ನೆಲಸಿದಾಗ ಬಾಲಕನಿಗೆ ಕಡಲೇ ಆಟದ ಬಯಲಾಯಿತು. ಅಲ್ಲಿ ಅವನ ಸೋದರತ್ತೆ ಸೂಸನ್ ಬೆಲ್ ಎಂಬಾಕೆಯು ಅವನಿಗೆ ಕೀಟಗಳ ರೂಪಾಂತರವನ್ನು ತೋರಿಸಿಕೊಟ್ಟಳು; ಕಡಲಹೂಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿಟ್ಟು ನೋಡೆಂದು ಹೇಳಿಕೊಟ್ಟಳು. ಕಾಲೇಜಿನ ಮುಖವನ್ನೇ ಕಾಣದ ಈ ಬಾಲಕನಿಗೆ ಪ್ರಕೃತಿಶಾಸ್ತ್ರದ ಮೊದಲನೆಯ ಉಪಾಧ್ಯಾಯಿನಿಯು ಅವನ ಅತ್ತೆಯೇ. ಈ ಮಾತನ್ನು ಹುಡುಗಿಯರಾದ ನೀವು ಮರೆಯಬಾರದು.

1827ರಲ್ಲಿ, ಹದಿನೇಳರ ಹರೆಯದಲ್ಲಿ, ಅವರು ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಾರ್ಬೊನೀರ್ ಎಂಬಲ್ಲಿ ವರ್ತಕರೊಬ್ಬರ ಗುಮಾಸ್ತರಾದರು. ಹಗಲು ಲೆಕ್ಕದ ಪುಸ್ತಕ, ಬಿಡುವಿನಲ್ಲಿ ಕೀಟಗಳ ಸಂಗ್ರಹ. 1832ನೆಯ ವರ್ಷವು ಅವರ ಬಾಳಿನ ತಿರುವು. ಆ ವರ್ಷ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು ಶಾಸ್ತ್ರಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಅದೇ ವರ್ಷ ತಮ್ಮ ಜೀವವನ್ನು ಕರ್ತನಿಗೆ ಒಪ್ಪಿಸಿಕೊಟ್ಟರು. ಈ ಎರಡು ಸಮರ್ಪಣೆಗಳೂ ಕೊನೆಯವರೆಗೆ ಅವರಲ್ಲಿ ಒಂದೇ ಆಗಿದ್ದುವು.

1835ರಲ್ಲಿ ಕೆನಡಾಕ್ಕೆ ಹೋಗಿ ಕಾಂಪ್ಟನ್ ಎಂಬಲ್ಲಿ ಬೇಸಾಯಕ್ಕೆ ತೊಡಗಿದರು. ಮೂರು ವರ್ಷ ದುಡಿದರೂ ಕೈಗೆ ಹತ್ತಲಿಲ್ಲ. 1838ರಲ್ಲಿ ಅಮೆರಿಕದ ಆಲಬಾಮಾ ಪ್ರಾಂತಕ್ಕೆ ಹೋಗಿ, ಮರದ ದಿಮ್ಮಿಗಳಿಂದ ಕಟ್ಟಿದ ಶಾಲೆಯಲ್ಲಿ ಹತ್ತಿಯ ತೋಟಗಾರರ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿನ ಗುಲಾಮಗಿರಿಯ ಕ್ರೌರ್ಯವನ್ನು ಕಂಡು ಅವರ ಮನಸ್ಸು ನೊಂದಿತು. 1839ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಹಿಂತಿರುಗಿದರು. ಬರಿಗೈಯೆಂದರೆ ಹಣದ ಲೆಕ್ಕದಲ್ಲಿ ಮಾತ್ರ; ಪೆಟ್ಟಿಗೆಯ ತುಂಬ ಚಿತ್ರಗಳೂ ಬರೆಹಗಳೂ ಇದ್ದುವು. ಅವುಗಳಿಂದ ಹುಟ್ಟಿದ ಕೆನಡಾದ ಪ್ರಕೃತಿಯನ್ನು ಕುರಿತ ಗ್ರಂಥವು 1840ರಲ್ಲಿ ಅಚ್ಚಾಯಿತು. ಬಳಿಕ 1844ರ ಕೊನೆಯಲ್ಲಿ ಜಮೈಕಾ ದ್ವೀಪಕ್ಕೆ ಹೋಗಿ, ಮೊರೇವಿಯನ್ ಮಿಷನರಿಗಳ ಮನೆಯಲ್ಲಿ ಇಳಿದುಕೊಂಡು, ಹದಿನೆಂಟು ತಿಂಗಳು ಪಕ್ಷಿಗಳ ಪರಿಶೋಧನೆ ನಡೆಸಿದರು. ತಮ್ಮ ಜೊತೆಯಲ್ಲಿ ಕಾಡುಮೇಡು ಸುತ್ತಿದ ಸ್ಯಾಮ್ಯುಯೆಲ್ ಕ್ಯಾಂಬೆಲ್ ಎಂಬ ಆ ದ್ವೀಪದ ಕಪ್ಪುವರ್ಣದ ತರುಣನ ಉಪಕಾರವನ್ನು ಗ್ರಂಥದಲ್ಲಿ ಹೆಸರಿಟ್ಟು ಸ್ಮರಿಸಿದರು. ಆ ಕಾಲದಲ್ಲಿ ಹೀಗೆ ಮಾಡಿದವರು ವಿರಳ.

1848ರಲ್ಲಿ ಅವರು ಎಮಿಲಿ ಬೌಸ್ ಎಂಬ ವಿದ್ಯಾವಂತೆಯನ್ನು ವಿವಾಹವಾದರು. ಆಕೆ ಕವಿತೆಗಳನ್ನೂ ಸುವಾರ್ತೆಯ ಕಿರುಹೊತ್ತಗೆಗಳನ್ನೂ ಬರೆಯುತ್ತಿದ್ದ ಭಕ್ತೆ. ಮುಂದಿನ ವರ್ಷ ಎಡ್ಮಂಡ್ ಎಂಬ ಮಗನು ಹುಟ್ಟಿದನು. ಎಡೆಬಿಡದ ಬರೆವಣಿಗೆಯಿಂದ ಗಾಸರ ಆರೋಗ್ಯವು ಕೆಟ್ಟು, 1852ರ ಆರಂಭದಲ್ಲಿ ಹವೆಯ ಬದಲಾವಣೆಗಾಗಿ ಕುಟುಂಬವು ಡೆವನ್ ಪ್ರಾಂತದ ಕಡಲತೀರಕ್ಕೆ ಬಂದಿತು. ಕಾಯಿಲೆಯೇ ದೇವರ ಕೃಪೆಯಾಯಿತು. ಉಳಿಯನ್ನೂ ಸುತ್ತಿಗೆಯನ್ನೂ ಬುಟ್ಟಿಯನ್ನೂ ಹಿಡಿದು, ಇಳಿತದ ವೇಳೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬಂಡೆಯ ಚೂರಿನೊಡನೆ ಕಡಲಹೂಗಳನ್ನು ಬಿಡಿಸಿ ತರುವುದೇ ಅವರ ಔಷಧವಾಯಿತು. ಒಂದು ದಿನ ಕಡಲಹೂವನ್ನು ಬೇಯಿಸಿ ತಿಂದು ರುಚಿಯನ್ನೂ ನೋಡಿದರು!

ಆಗ ಎದುರಾದ ಪ್ರಶ್ನೆಯು ನನ್ನ ತಂಬಿಗೆಯ ಪ್ರಶ್ನೆಯೇ. ತಂದ ಜೀವಿಗಳನ್ನು ಬದುಕಿಸುವುದು ಹೇಗೆ? ನೀರಿನಲ್ಲಿ ಉಸಿರಾಡುವ ಪ್ರಾಣಿಯು ಅದರಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವಾಯುವನ್ನು ಬಿಡುತ್ತದೆ. ಕಡಲಲ್ಲಿ ಅಲೆಗಳು ನೀರನ್ನು ಕಡೆಯುತ್ತವೆ. ಪಾತ್ರೆಯಲ್ಲಿ ಯಾರು ಕಡೆಯಬೇಕು?

ಇದಕ್ಕೆ ಉತ್ತರವನ್ನು ಕಂಡವರಲ್ಲಿ ಒಬ್ಬ ಮಹಿಳೆಯು ಗಾಸರಿಗಿಂತ ಮುಂದಾಗಿದ್ದಳು. ಆಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಪಾದ್ರಿಯೊಬ್ಬರ ಪತ್ನಿಯಾದ ಆ್ಯನಾ ಥಿನ್. 1846ರಲ್ಲಿ ಟಾರ್ಕಿಯ ಕಡಲಿನಿಂದ ಜೀವವುಳ್ಳ ಹವಳಗಳನ್ನು ಆಕೆ ಲಂಡನ್ನಿಗೆ ತಂದಳು. ದಾರಿಯಲ್ಲಿ ಒಂದಕ್ಕೊಂದು ತಾಗಿ ನಜ್ಜಾಗದಂತೆ ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದಿದ್ದಳು. ಮನೆಯ ಸೇವಕಿಯು ದಿನವೂ ತೆರೆದ ಕಿಟಕಿಯ ಎದುರಿಗೆ ನಿಂತು, ಅರ್ಧ ಗಂಟೆಗೂ ಮಿಕ್ಕಿ ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಆ ಉಪ್ಪುನೀರನ್ನು ಹೊಯ್ಯುತ್ತಿದ್ದಳು. ಹೀಗೆ ನೀರಿಗೆ ಗಾಳಿಯು ಸೇರುತ್ತಿದ್ದಿತು. ಮರುವರ್ಷ ಕಡಲಪಾಚಿಯನ್ನು ತರಿಸಿ ಹಾಕಿದಾಗ ಆ ಶ್ರಮವು ಕಡಮೆಯಾಯಿತು. ಆಕೆಯ ಹವಳಗಳು ಬದುಕಿದುವಲ್ಲದೆ ಮರಿಮಾಡಿ ಹೆಚ್ಚಿದುವು. ಆಕೆಯ ಬರೆಹವು 1859ರಲ್ಲಿ ಗಾಸರ ಟಿಪ್ಪಣಿಗಳೊಡನೆ ಶಾಸ್ತ್ರಪತ್ರಿಕೆಯಲ್ಲಿ ಪ್ರಕಟವಾಯಿತು. ನೀರು ಹೊಯ್ದ ಆ ಸೇವಕಿಯ ಕೈಗಳನ್ನು ನಾನು ಆಗಾಗ್ಗೆ ನೆನೆಯುತ್ತೇನೆ. ಆಕೆಯಿಲ್ಲದೆ ಆ ಹವಳಗಳು ಒಂದು ವಾರವೂ ಬದುಕುತ್ತಿರಲಿಲ್ಲ.

ಸಸ್ಯವೂ ಪ್ರಾಣಿಯೂ ಒಂದನ್ನೊಂದು ಪೋಷಿಸುತ್ತವೆಂಬ ತತ್ತ್ವವನ್ನು ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರಲ್ಲಿ ಸಿಹಿನೀರಿನ ಮೀನುಗಳಿಂದ ತೋರಿಸಿದ್ದರು. ಗಾಸರು ಉಪ್ಪುನೀರಿನಲ್ಲಿ ಅದನ್ನೇ ಸಾಧಿಸಿ, ಸಾಮಾನ್ಯ ಜನರ ಕೈಗೂ ನಿಲುಕುವಂತೆ ಮಾಡಿದರು. 1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಶಾಲೆಯಲ್ಲಿ ಲೋಕದ ಮೊದಲನೆಯ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸರು ಮುಖ್ಯರು. 1854ರಲ್ಲಿ ತಾವೇ ಬರೆದ ಬಣ್ಣದ ಚಿತ್ರಗಳೊಡನೆ ಅಕ್ವೇರಿಯಂ ಎಂಬ ಗ್ರಂಥವನ್ನು ಪ್ರಕಟಿಸಿದರು. 1855ರಲ್ಲಿ ಹೊಸಬರಿಗಾಗಿ ಒಂದು ಕೈಪಿಡಿಯನ್ನು ಬರೆದರು.

ಅವರ ಕ್ರಮದಲ್ಲಿ ಆತುರಕ್ಕೆ ಎಡೆಯಿಲ್ಲ. ಮೊದಲು ತೊಟ್ಟಿ, ಮರಳು, ಬಂಡೆ. ಆಮೇಲೆ ಶುದ್ಧವಾದ ಕಡಲನೀರು. ಆಮೇಲೆ ಬಂಡೆಯ ಚೂರಿಗೆ ಅಂಟಿಕೊಂಡೇ ಇರುವ ಪಾಚಿ. ಪಾಚಿಯು ಬೆಳಕಿನಲ್ಲಿ ಕೆಲವು ದಿನ ನಿಂತು ನೀರನ್ನು ಹದಮಾಡಿದ ಮೇಲೆಯೇ ಪ್ರಾಣಿಗಳು, ಅವೂ ಕೆಲವೇ. ಪಾಚಿಯು ಅತಿಯಾಗದಂತೆ ಮೇಯಲು ಕಡಲ ಬಸವನಹುಳುಗಳು. ಸತ್ತುದನ್ನು ಕೂಡಲೇ ತೆಗೆಯಬೇಕು. ನೀರು ಆವಿಯಾಗಿ ತಗ್ಗಿದರೆ ಸಿಹಿನೀರನ್ನೇ ಸೇರಿಸಬೇಕು. ಏಕೆಂದರೆ ಆರಿಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಕಡಲು ದೂರವಿರುವವರಿಗಾಗಿ ಅಡಿಗೆಯ ಉಪ್ಪು, ಎಪ್ಸಂ ಲವಣ, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಇವುಗಳನ್ನು ಸಿಹಿನೀರಿನಲ್ಲಿ ಬೆರೆಸಿ ಕೃತಕವಾದ ಕಡಲನೀರನ್ನು ಮಾಡುವ ಪಾಕವನ್ನೂ ಅವರು ಪ್ರಕಟಿಸಿದರು. ನೀರನ್ನು ಹದಗೊಳಿಸುವುದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದೂ ದೊಡ್ಡ ಪಾಲೆಂದು ಈಗ ತಿಳಿದಿದೆ. ಪ್ರಾಣಿಗಳ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷವನ್ನು ಮರಳಿನಲ್ಲಿಯೂ ಬಂಡೆಯಲ್ಲಿಯೂ ನೆಲಸಿದ ಇವು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ನೆಲೆಗೊಳ್ಳಲು ಕೆಲವು ವಾರಗಳು ಬೇಕು. ಗಾಸರಿಗೆ ಈ ಕಾರಣವು ತಿಳಿಯದಿದ್ದರೂ ಕಾದಿರುವುದರ ಬೆಲೆಯು ತಿಳಿದಿದ್ದಿತು.

1845ರಲ್ಲಿ ಗಾಜಿನ ಮೇಲಣ ಸುಂಕವು ರದ್ದಾಗಿದ್ದುದರಿಂದ ಗಾಜು ಅಗ್ಗವಾಗಿದ್ದಿತು; ರೈಲುಗಾಡಿಯು ಕಡಲಿನ ನೀರನ್ನು ಊರೊಳಗೆ ತರುತ್ತಿದ್ದಿತು. ಗಾಸರ ಪುಸ್ತಕಗಳನ್ನೋದಿದ ಜನರು ಮನೆಮನೆಯಲ್ಲಿಯೂ ತೊಟ್ಟಿಯಿಟ್ಟರು. 1856ರಲ್ಲಿ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು.

ಕೀರ್ತಿಯ ಬೆನ್ನಿಗೇ ಕಷ್ಟವು ಬಂದಿತು. ಎಮಿಲಿಯವರು ಸ್ತನದ ಕ್ಯಾನ್ಸರ್ ರೋಗದಿಂದ ಬಹಳವಾಗಿ ನರಳಿ 1857ರ ಫೆಬ್ರುವರಿಯಲ್ಲಿ ದೇವರ ಪಾದವನ್ನು ಸೇರಿದರು. ಮಗನಿಗೆ ಆಗ ಏಳು ವರ್ಷ. ಅದೇ ವರ್ಷ ಗಾಸರು, ಭೂಗರ್ಭಶಾಸ್ತ್ರವನ್ನೂ ಸತ್ಯವೇದದ ಸೃಷ್ಟಿಯ ವೃತ್ತಾಂತವನ್ನೂ ಹೊಂದಿಸಬೇಕೆಂದು ಓಂಫಲೋಸ್ ಎಂಬ ಗ್ರಂಥವನ್ನು ಬರೆದರು. ಮರಗಳು ವರ್ಷದ ಉಂಗುರಗಳೊಡನೆಯೇ ಉಂಟಾದಂತೆ ಭೂಮಿಯೂ ಹಳೆಯದೆಂಬ ಗುರುತುಗಳೊಡನೆಯೇ ಸೃಷ್ಟಿಯಾಯಿತೆಂದು ಅವರ ವಾದ. ಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ದೇವರು ನಡೆಯದ ಸಂಗತಿಗಳನ್ನು ನಡೆದಂತೆ ಕಲ್ಲಿನಲ್ಲಿ ಬರೆದಿಟ್ಟನೆಂದು ನಂಬಲು ಭಕ್ತರೂ ಒಪ್ಪಲಿಲ್ಲ. ಇಬ್ಬರನ್ನೂ ಕೂಡಿಸಹೋದವರು ಇಬ್ಬರಿಂದಲೂ ದೂರವಾದರು. ಅವರ ವಾದವು ತಪ್ಪೆಂದು ಹೇಳಲು ನಾನು ಅಂಜುವುದಿಲ್ಲ. ಆದರೆ ತಾವು ನಂಬಿದ ಎರಡು ಸತ್ಯಗಳಲ್ಲಿ ಒಂದನ್ನೂ ಕೈಬಿಡಲೊಲ್ಲದ ಅವರ ಸಂಕಟವನ್ನು ಗೌರವಿಸುತ್ತೇನೆ.

ಆ ವರ್ಷವೇ ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚ್ ಗ್ರಾಮದಲ್ಲಿ ನೆಲಸಿ, ದುಃಖವನ್ನು ದುಡಿಮೆಯಲ್ಲಿ ಅಡಗಿಸಿ, ಬ್ರಿಟನ್ನಿನ ಕಡಲಹೂಗಳನ್ನೂ ಹವಳಗಳನ್ನೂ ಕುರಿತ ಮಹಾಗ್ರಂಥವನ್ನು 1860ರಲ್ಲಿ ಮುಗಿಸಿದರು. ಆ ವರ್ಷ ಎಲಿಜಾ ಬ್ರೈಟ್ವೆನ್ ಎಂಬಾಕೆಯನ್ನು ಮದುವೆಯಾದರು; ಮನೆಯಲ್ಲಿ ಮತ್ತೆ ಬೆಳಕು ಮೂಡಿತು.

ಆದರೆ ಅವರನ್ನು ಕೊರೆದ ನೋವು ಬೇರೊಂದಿದ್ದಿತು. ಅವರ ಪುಸ್ತಕಗಳನ್ನೋದಿದ ಜನರು ಬುಟ್ಟಿಗಳನ್ನೂ ಉಳಿಗಳನ್ನೂ ಹಿಡಿದು ಗುಂಪುಗುಂಪಾಗಿ ಕಡಲತೀರಕ್ಕೆ ಇಳಿದರು. ಯಾರ ಕೈಯೂ ತಾಗದೆ ತಲೆತಲಾಂತರದಿಂದ ಬೆಳೆದಿದ್ದ ಬಂಡೆಗಳ ತೋಟಗಳು ಕೆಲವೇ ವರ್ಷಗಳಲ್ಲಿ ಬರಿದಾದುವು. ಒಯ್ದ ಜೀವಿಗಳಲ್ಲಿ ಬಹುಪಾಲು ಅರಿಯದವರ ತೊಟ್ಟಿಗಳಲ್ಲಿ ಸತ್ತುವು. ಸೃಷ್ಟಿಕರ್ತನ ಕೈಕೆಲಸವನ್ನು ಜನರು ಪ್ರೀತಿಸಲೆಂದು ಬರೆದ ಪುಸ್ತಕವೇ ಆ ಕೈಕೆಲಸದ ನಾಶಕ್ಕೆ ಕಾರಣವಾಯಿತು. ತಂದೆಗೆ ಇದರಿಂದಾದ ವ್ಯಥೆಯನ್ನು ಮಗ ಎಡ್ಮಂಡನು 1907ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಗಾಸರು 1888ರ ಆಗಸ್ಟ್ 23ರಂದು ತೀರಿಕೊಂಡರು.

ಈಗ ನನ್ನ ತಂಬಿಗೆಗೆ ಹಿಂತಿರುಗುತ್ತೇನೆ. ಮಂಚದ ಕೆಳಗೆ ಬೆಳಕಿರಲಿಲ್ಲ, ನೀರಿನಲ್ಲಿ ಪಾಚಿಯಿರಲಿಲ್ಲ, ಕಡೆಯುವ ಕೈಯಿರಲಿಲ್ಲ. ಅನ್ನವು ಕೊಳೆತು ವಿಷವಾಯಿತು. ಹಿತ್ತಾಳೆಯಲ್ಲಿರುವ ತಾಮ್ರವು ಉಪ್ಪುನೀರಿನಲ್ಲಿ ಬಿಟ್ಟುಕೊಂಡು ಇಂಥ ಮೃದುಜೀವಿಗಳನ್ನು ಕೊಲ್ಲುತ್ತದೆ. ಇವೆಲ್ಲಕ್ಕೂ ಮಿಗಿಲಾದ ತಪ್ಪೆಂದರೆ, ಮನೆಯನ್ನು ಸಿದ್ಧಪಡಿಸದೆ ಅತಿಥಿಗಳನ್ನು ಎಳೆದು ತಂದದ್ದು.

ನಮ್ಮ ಕರ್ನಾಟಕದ ಕಡಲಿನಲ್ಲಿಯೂ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯವು 2001ರಿಂದ ಗಟ್ಟಿಹವಳಗಳಿಗೂ ದೊರೆತಿದೆ. ಅವನ್ನು ಕಿತ್ತು ತರುವುದು ಅಪರಾಧ. ಆದುದರಿಂದ ನೀವು ಕಡಲತೀರಕ್ಕೆ ಹೋದಾಗ ಬಂಡೆಯ ಪಕ್ಕದಲ್ಲಿ ಮೊಣಕಾಲೂರಿ ನೋಡಿರಿ, ಬರೆದುಕೊಳ್ಳಿರಿ, ಚಿತ್ರಿಸಿರಿ. ಎತ್ತಿದ ಕಲ್ಲನ್ನು ಇದ್ದಂತೆಯೇ ಇಡಿರಿ. ಮುಂದೆ ಎಂದಾದರೂ ತೊಟ್ಟಿಯನ್ನಿಡುವ ಅವಕಾಶವು ನಿಮಗೆ ದೊರೆತರೆ, ಮೊದಲು ನೀರನ್ನು ಹದಮಾಡಿ ಕಾಯಿರಿ. ಜೀವವನ್ನು ಕೈಗೆತ್ತಿಕೊಳ್ಳುವವರು ಅದಕ್ಕೆ ಉತ್ತರವಾದಿಗಳು. ಗಾಸರು ತಮ್ಮ ಪುಸ್ತಕದಿಂದ ಕಲಿಸಿದ್ದಕ್ಕಿಂತಲೂ ತಮ್ಮ ನೋವಿನಿಂದ ಕಲಿಸಿದ ಪಾಠವು ಇದೇ.