ನೂರು ಮುಖಗಳ ನಗೆಗಾರ ಅರ್ಕಾದಿ ರಾಯ್ಕಿನ್

ಸೋವಿಯತ್ ದೇಶದಲ್ಲಿ ಟೆಲಿವಿಷನ್ ಶೈಶವದಲ್ಲಿದ್ದಾಗ ಅದಕ್ಕೆ ತನ್ನದೆಂಬ ಕಲೆಯಿರಲಿಲ್ಲ. ನಾಟಕವನ್ನೂ ನಟರನ್ನೂ ನಗೆಯನ್ನೂ ಅದು ರಂಗಭೂಮಿಯಿಂದಲೇ ಕಡ ತಂದಿತು. 1949ರ ಕೆ.ವಿ.ಎನ್. ಪೆಟ್ಟಿಗೆಯ ತೆರೆ ಅಂಗೈಯಗಲದ್ದು. ಅದರ ಮುಂದೆ ನೀರು ತುಂಬಿದ ಮಸೂರವನ್ನಿಟ್ಟು ಜನರು ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದರು. ರಂಗದಿಂದ ಆ ತೆರೆಗೆ ಬಂದು ಮನೆಮಾತಾದವರಲ್ಲಿ ಅಗ್ರಗಣ್ಯರು ಅರ್ಕಾದಿ ರಾಯ್ಕಿನ್.

ರಾಯ್ಕಿನ್ 1911ರಲ್ಲಿ ರೀಗಾ ನಗರದಲ್ಲಿ ಜನಿಸಿದರು, ಬೆಳೆದುದು ಲೆನಿನ್‌ಗ್ರಾಡಿನಲ್ಲಿ. ಬಾಲ್ಯದಲ್ಲಿಯೇ ತೀವ್ರವಾದ ಕಾಯಿಲೆಗೆ ತುತ್ತಾಗಿ ಅವರ ಹೃದಯವು ದುರ್ಬಲವಾಯಿತು. ಮಗನು ನಟನಾಗುವುದು ತಂದೆಗೆ ಸಮ್ಮತವಿರಲಿಲ್ಲ. ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದುಡಿದ ಬಳಿಕ ನಾಟ್ಯವಿದ್ಯಾಲಯವನ್ನು ಸೇರಿ 1935ರಲ್ಲಿ ವ್ಯಾಸಂಗ ಮುಗಿಸಿದರು. 1939ರಲ್ಲಿ ವಿನೋದ ಕಲಾವಿದರ ಅಖಿಲ ಸೋವಿಯತ್ ಸ್ಪರ್ಧೆಯಲ್ಲಿ ಬಹುಮಾನ ಪಡೆದರು. ಅದೇ ವರ್ಷ ಹುಟ್ಟಿದ ಕಿರುನಾಟಕಗಳ ರಂಗಮಂದಿರವು ಅವರ ಜೀವಿತದ ನೆಲೆಯಾಯಿತು. ಯುದ್ಧಕಾಲದಲ್ಲಿ ಆ ತಂಡವು ರಣರಂಗದ ಸೈನಿಕರೆದುರಿಗೂ ಆಡಿತು.

ಅವರ ವೈಶಿಷ್ಟ್ಯವೆಂದರೆ ಕ್ಷಣಮಾತ್ರದಲ್ಲಿ ರೂಪ ಬದಲಿಸುವುದು. ಒಂದು ಕಡೆ ಮರೆಯಾಗಿ ಮತ್ತೊಂದು ಕಡೆ ಕಾಣಿಸಿಕೊಳ್ಳುವಷ್ಟರಲ್ಲಿ ಮೂಗು, ತಲೆಗೂದಲು, ನಡಿಗೆ, ಸ್ವರ ಎಲ್ಲವೂ ಬೇರೆಯಾಗಿರುತ್ತಿತ್ತು. ದರ್ಪದ ಅಧಿಕಾರಿ, ಜವಾಬ್ದಾರಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವ ಗುಮಾಸ್ತ, ಸರಕನ್ನು ಬಚ್ಚಿಟ್ಟು ಪರಿಚಿತರಿಗೆ ಮಾತ್ರ ಕೊಡುವ ಮಳಿಗೆಯವ—ಇಂತಹವರೆಲ್ಲ ಅವರಲ್ಲಿ ಜೀವ ತಳೆದರು. ಕಛೇರಿಯ ಬಾಗಿಲಲ್ಲಿ ಕಾದು ನಿಂತವರಿಗೆ ಈ ಪಾತ್ರಗಳ ಪರಿಚಯ ಹೇಳಬೇಕಾಗಿಲ್ಲ. ಆದರೆ ಪ್ರತಿ ಪ್ರಹಸನವೂ ಸರಕಾರದ ಪರಿಶೀಲನೆಯನ್ನು ದಾಟಿಯೇ ರಂಗವೇರಬೇಕಾಗಿದ್ದ ಕಾಲವದು. ಅಧಿಕಾರವನ್ನು ಹಾಸ್ಯ ಮಾಡುವವನು ಅಧಿಕಾರದ ಅಪ್ಪಣೆಯನ್ನೇ ಬೇಡಬೇಕಾಗಿತ್ತು. ಈ ಇಕ್ಕಟ್ಟಿನಲ್ಲಿಯೇ ಅವರು ದಶಕಗಳ ಕಾಲ ನಡೆದರು.

ಟೆಲಿವಿಷನ್ ಅವರಿಗೆ ಕೋಟಿಗಟ್ಟಲೆ ಪ್ರೇಕ್ಷಕರನ್ನು ತಂದಿತು. 1964ರಲ್ಲಿ ಲಂಡನ್ನಿನ ಬಿ.ಬಿ.ಸಿ.ಯು ತನ್ನ ಎರಡನೆಯ ಟೆಲಿವಿಷನ್ ವಾಹಿನಿಯನ್ನು ಆರಂಭಿಸಿದಾಗ ಅವರನ್ನು ಬರಮಾಡಿಕೊಂಡಿತು. ಆದರೂ ರಂಗದಲ್ಲಿ ವರುಷಗಟ್ಟಲೆ ಆಡಬಹುದಾದ ಪ್ರಹಸನವನ್ನು ಟೆಲಿವಿಷನ್ನಿನಲ್ಲಿ ಇಡೀ ದೇಶವು ಒಂದೇ ಸಂಜೆಯಲ್ಲಿ ನೋಡಿಬಿಡುತ್ತದೆ. ಎದುರಿನ ಜನರ ನಗುವೂ ನಟನಿಗೆ ಕೇಳಿಸದು. ಅದಕ್ಕಾಗಿ ಅವರು ರಂಗವನ್ನು ತೊರೆಯಲಿಲ್ಲ. ರಂಗದ ವಿದ್ಯೆಯನ್ನೇ ತೆರೆಗೆ ಒಯ್ದರು. 1970ರ ದಶಕದ ನಡುವೆ ತಯಾರಾದ ‘ಜನರು ಮತ್ತು ಗೊಂಬೆಗಳು’ ಎಂಬ ನಾಲ್ಕು ಭಾಗಗಳ ಟೆಲಿವಿಷನ್ ಚಿತ್ರದಲ್ಲಿ ಅವರ ಹಲವು ವೇಷಗಳು ಇಂದಿಗೂ ಉಳಿದಿವೆ.

1982ರಲ್ಲಿ ತಂಡವು ಮಾಸ್ಕೋಗೆ ಸ್ಥಳಾಂತರಗೊಂಡಿತು. 1987ರಲ್ಲಿ ‘ಸತಿರಿಕೋನ್’ ಎಂಬ ಹೆಸರು ಪಡೆಯಿತು. ಅದೇ ವರ್ಷದ ಡಿಸೆಂಬರ್ 17ರಂದು ರಾಯ್ಕಿನ್ ತೀರಿಕೊಂಡರು. ದುರ್ಬಲ ಹೃದಯವನ್ನು ಹೊತ್ತು ಅರ್ಧ ಶತಮಾನ ನಗಿಸಿದ ಈ ಕಲಾವಿದರು, ಬಡವನನ್ನಲ್ಲ, ಬಡವನನ್ನು ಕಾಯಿಸುವವನನ್ನು ನಗೆಗೆ ಗುರಿಮಾಡಿದರು. ಜನರು ಅವರನ್ನು ತಮ್ಮವರೆಂದು ಬಗೆದುದಕ್ಕೆ ಇದೇ ಕಾರಣ.