ಊರಿಗೊಂದು ಅಡವಿ ಬೇಕು ಅಂದ ಬ್ರಾಂಡಿಸ್ ಸಾಹೇಬ

ಕಲಾದಗಿ: ದಾಳಿಂಬೆ, ಚಿಕ್ಕುವಿಗೆ ಹೆಸರಾದ ಈ ಊರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು ಅನ್ನೋದು ಇಲ್ಲಿನ ಹಿರಿಯರಿಗೆಲ್ಲ ಗೊತ್ತು. ಬಾಗಲಕೋಟೆ, ಬಾದಾಮಿ, ಹುನಗುಂದದಿಂದ ಹಿಡಿದು ಅತ್ತ ವಿಜಯಪುರದವರೆಗೂ ಎಲ್ಲಾ ಕಲಾದಗಿ ಜಿಲ್ಲೆನೇ. 1880ರ ದಶಕದಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು. ಅದಕ್ಕೂ ಸ್ವಲ್ಪ ಮೊದಲು, ಬಾದಾಮಿ ಗುಡ್ಡದ ಕಟ್ಟಿಗೆ ಯಾರದು, ಹುನಗುಂದದ ಗುಡ್ಡದಾಗ ಕುರಿ ಮೇಯಿಸೋ ಹಕ್ಕು ಯಾರದು ಅಂತ ತೀರ್ಮಾನಿಸುವ ಕಾನೂನು ಬಂತು. ಅದು 1878ರ ಅರಣ್ಯ ಕಾಯ್ದೆ.

ಆ ಕಾಯ್ದೆ ಬಂದಾಗ ದೇಶದ ಅರಣ್ಯ ಇಲಾಖೆಗೆ ಮುಖ್ಯಸ್ಥರಾಗಿದ್ದವರು ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್. ಭಾರತದ ಅರಣ್ಯಶಾಸ್ತ್ರದ ಪಿತಾಮಹ ಅಂತ ಇಲಾಖೆಯವರು ಇವತ್ತಿಗೂ ಹೇಳೋದು ಇವರನ್ನೇ. ಊರ ಅಡವಿಯನ್ನು ಊರವರೇ ಕೂಡಿ ಕಾಯಬೇಕು, ಅದರ ಫಲಾನೂ ಅವರಿಗೇ ಸಿಗಬೇಕು ಅಂತ ಸರ್ಕಾರದ ಒಳಗೇ ಕೂತು ವಾದಿಸಿದವರೂ ಇವರೇ. ಆ ವಾದದಲ್ಲಿ ಅವರು ಹೆಚ್ಚುಕಡಿಮೆ ಸೋತರು.

ಹುಟ್ಟಿದ್ದು 1824ರ ಮಾರ್ಚ್ 31ರಂದು, ಬಾನ್ ಪಟ್ಟಣದಲ್ಲಿ. ತಂದೆ ತತ್ವಶಾಸ್ತ್ರದ ಪ್ರೊಫೆಸರ್. ತಂದೆಗೆ ಗ್ರೀಸ್ ದೇಶದ ಅರಮನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಾಲ್ಯದ ಕೆಲವು ವರ್ಷ ಅಥೆನ್ಸ್‌ನಲ್ಲಿ ಕಳೆಯಿತು. ಓದಿದ್ದು ಸಸ್ಯಶಾಸ್ತ್ರ, ಆಮೇಲೆ ಬಾನ್‌ನಲ್ಲೇ ಅದನ್ನು ಕಲಿಸಿದರು. ಅಂದರೆ ಫಾರೆಸ್ಟ್ ಟ್ರೇನಿಂಗ್ ಪಡೆದು ಬಂದ ಆಫೀಸರ್ ಅಲ್ಲ, ಗಿಡದ ಎಲೆ ಹೂವು ನೋಡಿಕೊಂಡಿದ್ದ ಮೇಷ್ಟ್ರು. ಅವರ ಹೆಂಡತಿ ರಾಚೆಲ್, ಬಂಗಾಳದ ಸೇರಾಂಪುರ ಮಿಷನ್ನಿನ ಜೋಶುವಾ ಮಾರ್ಷ್‌ಮನ್ ಅವರ ಮಗಳು. ಆ ಬೀಗತನದ ದಾರಿಯಿಂದಲೇ ಬ್ರಾಂಡಿಸ್ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿ ಕಿವಿಗೆ ಬಿತ್ತು. ವಶೀಲಿ ಅಂತ ಬೇಕಾದರೆ ಅನ್ನಬಹುದು, ಆದರೆ ಆಳು ಸರಿಯಾದವರೇ ಸಿಕ್ಕರು.

1856ರ ಆರಂಭದಲ್ಲಿ ಬರ್ಮಾದ ಪೆಗು ಸೀಮೆಯ ಸಾಗವಾನಿ ಕಾಡು ಇವರ ಕೈಗೆ ಬಂತು. ಇಂಗ್ಲಿಷರು ಆ ಸೀಮೆ ಗೆದ್ದು ನಾಲ್ಕೇ ವರ್ಷವಾಗಿತ್ತು. ಹಡಗು ಕಟ್ಟಲು ಸಾಗವಾನಿ ಬೇಕು, ರಂಗೂನಿನ ಮರದ ವ್ಯಾಪಾರಿಗಳಿಗೆ ಲಾಭ ಬೇಕು. ಎಷ್ಟು ಮರ ಇದೆ ಅನ್ನೋ ಲೆಕ್ಕ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಬ್ರಾಂಡಿಸ್ ಎಣಿಸಲು ಹೊರಟರು. ಆನೆ ಮೇಲೆ ಕೂತು, ಎಡಗೈಯಲ್ಲಿ ನಾಲ್ಕು ಬಿದಿರಿನ ಕಡ್ಡಿ, ಬಲಗೈಯಲ್ಲಿ ಚಾಕು. ದೊಡ್ಡ ಮರ ಕಂಡರೆ ಮೊದಲನೇ ಕಡ್ಡಿಗೆ ಒಂದು ಗೀರು, ಅದಕ್ಕಿಂತ ಸಣ್ಣದಾದರೆ ಎರಡನೇ ಕಡ್ಡಿಗೆ. ಹೀಗೆ ದಾರಿಯ ಎರಡೂ ಬದಿಯ ಮರಗಳನ್ನು ದರ್ಜೆ ಪ್ರಕಾರ ಎಣಿಸುತ್ತಾ ಹೋದರು. ಮಳೆಯಲ್ಲಿ ಕಾಗದ ಉಳಿಯುವುದಿಲ್ಲ, ಬಿದಿರು ಉಳಿಯುತ್ತದೆ. ಕಾಡಿನ ಜ್ವರ ಬಿಡಲಿಲ್ಲ, ಇವರೂ ಎಣಿಕೆ ಬಿಡಲಿಲ್ಲ.

ಆ ಲೆಕ್ಕದಿಂದ ಹುಟ್ಟಿದ ನಿಯಮ ಅಂಗಡಿ ನಡೆಸೋರಿಗೆ ಬೇಗ ತಿಳಿಯುತ್ತದೆ. ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ತಿನ್ನಬೇಕು. ಎರಡನೇ ದರ್ಜೆಯ ಮರ ಬೆಳೆದು ಮೊದಲನೇ ದರ್ಜೆಗೆ ಬರಲು ಎಷ್ಟು ವರ್ಷ ಬೇಕೋ ಅಂದಾಜು ಮಾಡು. ಇಪ್ಪತ್ತು ವರ್ಷ ಅಂದುಕೊಂಡರೆ, ದೊಡ್ಡ ಮರಗಳಲ್ಲಿ ವರ್ಷಕ್ಕೆ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕಡಿ. ಕೊನೇ ಪಾಲು ಕಡಿಯುವ ಹೊತ್ತಿಗೆ ಹಿಂದಿನವು ಬೆಳೆದು ನಿಂತಿರುತ್ತವೆ. ಕಡಿಯುವ ರೀತಿಗೂ ಕಟ್ಟುನಿಟ್ಟು. ಹಸಿ ಸಾಗವಾನಿ ನೀರಲ್ಲಿ ಮುಳುಗುತ್ತದೆ. ಹಾಗಾಗಿ ಬುಡದ ಸುತ್ತ ಬಳೆಯಂತೆ ಕೆತ್ತಿ, ಎರಡು ಮೂರು ವರ್ಷ ನಿಂತಲ್ಲೇ ಒಣಗಲು ಬಿಟ್ಟು, ಆಮೇಲೆ ಕೆಡವಿ ಆನೆಗಳಿಂದ ಹಳ್ಳಕ್ಕೆ ಎಳೆಸಿ ತೇಲಿಬಿಡಬೇಕು. ಯಾವ ಮರಕ್ಕೆ ಬಳೆ ಕೆತ್ತಬೇಕು ಅನ್ನೋದು ಇಲಾಖೆಯ ಕೈಯಲ್ಲಿ. ವ್ಯಾಪಾರಿಗಳು ಸಿಟ್ಟಾದರು, ಮೇಲಿನವರಿಗೆ ದೂರು ಕೊಟ್ಟರು. ಬ್ರಾಂಡಿಸ್ ಜಗ್ಗಲಿಲ್ಲ.

ಅಲ್ಲಿನ ಗುಡ್ಡದ ಮೇಲೆ ಕರೆನ್ ಅನ್ನುವ ಜನ ಕಾಡು ಕಡಿದು ಸುಟ್ಟು ಭತ್ತ ಬಿತ್ತುತ್ತಿದ್ದರು, ಒಂದೆರಡು ವರ್ಷಕ್ಕೆ ಜಾಗ ಬದಲಿಸುತ್ತಿದ್ದರು. ಬೇರೆ ಅಧಿಕಾರಿಗಳಿಗೆ ಅವರು ಕಾಡಿನ ಕಳ್ಳರಂತೆ ಕಂಡರು. ಬ್ರಾಂಡಿಸ್ ಅವರ ಜತೆ ಒಪ್ಪಂದಕ್ಕೆ ಬಂದರು. ಭತ್ತದ ನಡುವೆ ಸಾಗವಾನಿ ಸಸಿ ಹಚ್ಚಿರಿ, ಬೆಳೆ ನಿಮಗೆ, ಮೇಲೆ ಕೂಲಿಯೂ ಉಂಟು, ನೀವು ಮುಂದೆ ಹೋಗುವಾಗ ಸಾಗವಾನಿ ಬಿಟ್ಟು ಹೋಗಿರಿ. ಟೌಂಗ್ಯ ಅನ್ನುವ ಈ ಪದ್ಧತಿ ಮುಂದೆ ಎಷ್ಟೋ ದೇಶಕ್ಕೆ ಹಬ್ಬಿತು. ಕರೆನ್ನರಿಗೆ ಅದರಲ್ಲಿ ಸಿಕ್ಕಿದ್ದು ಕೂಲಿ, ಕಾಡಿನ ಮಾಲಕಿ ಅಲ್ಲ ಅನ್ನೋದನ್ನೂ ಹೇಳಬೇಕು.

1864ರಲ್ಲಿ ಬ್ರಾಂಡಿಸ್ ಇಡೀ ಭಾರತದ ಮೊದಲ ಅರಣ್ಯ ಇನ್ಸ್‌ಪೆಕ್ಟರ್ ಜನರಲ್ ಆದರು. ರೈಲು ಹಳಿಯ ಕೆಳಗೆ ಹಾಸೋ ಸ್ಲೀಪರ್‌ಗೆ ಕಾಡು ಕಾಡೇ ಬರಿದಾಗುತ್ತಿದ್ದ ಕಾಲ ಅದು. ಇವರು ದೇಶ ತಿರುಗಿದರು. ಕಾಡು ಉಳಿದದ್ದು ಎಲ್ಲಿ, ಹಾಳಾದದ್ದು ಎಲ್ಲಿ ಅಂತ ನೋಡುತ್ತಾ ಹೋದಾಗ ಇವರಿಗೆ ಕಂಡದ್ದು, ಊರವರು ತಮ್ಮದು ಅಂದುಕೊಂಡು ಕಾಯ್ದ ಜಾಗಗಳು. ಕೊಡಗಿನ ದೇವರಕಾಡುಗಳ ಬಗ್ಗೆ ಬರೆದರು. ಯುರೋಪಿನಲ್ಲೂ ಹಳ್ಳಿಗಳಿಗೆ ಸ್ವಂತ ಕಾಡಿದ್ದು, ಅದರ ಆದಾಯದಲ್ಲಿ ಊರಿನ ಖರ್ಚು ನಡೆಯೋದು ಅವರು ಕಂಡಿದ್ದೇ. ಇಲ್ಲೂ ಪ್ರತಿ ಹಳ್ಳಿಗೆ ಹಾಗೆ ಒಂದು ಅಡವಿ ಗುರುತು ಮಾಡಿ, ಇಲಾಖೆ ಬರೀ ಸಲಹೆ ಕೊಡಲಿ ಅನ್ನೋದು ಅವರ ವಾದ.

ಇದಕ್ಕೆ ಎದುರು ನಿಂತವರು ಇನ್ನೊಬ್ಬ ಅಧಿಕಾರಿ ಬೇಡನ್ ಪೊವೆಲ್. ರಾಜನು ಬರೆದು ಕೊಡದಿದ್ದರೆ ಅದು ಹಕ್ಕೇ ಅಲ್ಲ, ತಲೆಮಾರಿನಿಂದ ಕಟ್ಟಿಗೆ ತಂದರೂ ಅದು ಸರ್ಕಾರದ ದಯೆ ಅಷ್ಟೇ ಅನ್ನೋದು ಅವರ ಮಾತು. ರೂಢಿಯಲ್ಲಿ ನಡೆದು ಬಂದದ್ದೂ ಹಕ್ಕೇ ಅಂತ ಬ್ರಾಂಡಿಸ್. ಪುಣೆಯ ಸಾರ್ವಜನಿಕ ಸಭಾ ಕೂಡ ಮಸೂದೆಗೆ ತಕರಾರು ಸಲ್ಲಿಸಿತು. ಕಾಡು ಉಳಿಯಬೇಕಾದರೆ ಹಳ್ಳಿಯವರನ್ನು ವಿಶ್ವಾಸಕ್ಕೆ ತಗೊಳ್ಳಿ ಅಂತ ಅದರ ಒತ್ತಾಯ.

ಇದೆಲ್ಲ ಚರ್ಚೆ ನಡೆದಾಗ ಕಲಾದಗಿ ಜಿಲ್ಲೆಯಲ್ಲಿ ಏನು ನಡೆದಿತ್ತು? 1876ರಿಂದ 78ರ ಘೋರ ಬರ. 1872ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ಕ್ಕೆ ಆ ಲೆಕ್ಕ ಆರೂವರೆ ಲಕ್ಷದ ಒಳಗೆ ಬಂತು. ಬರದಲ್ಲಿ ಗುಡ್ಡದ ಹುಲ್ಲು, ಸೊಪ್ಪು, ಬೇರು ಜೀವ ಹಿಡಿಯೋ ವಸ್ತು. ಅದೇ ಹೊತ್ತಿಗೆ ಗುಡ್ಡಕ್ಕೆ ಗಾರ್ಡು, ದಂಡ, ಪಾಸು ಬರೋ ಕಾನೂನು ತಯಾರಾಗುತ್ತಿತ್ತು.

ಕಾಯ್ದೆಯಲ್ಲಿ ಅಡವಿ ಮೂರು ಬಗೆ ಆಯಿತು: ಮೀಸಲು ಅರಣ್ಯ, ರಕ್ಷಿತ ಅರಣ್ಯ, ಗ್ರಾಮ ಅರಣ್ಯ. ಮೂರನೆಯದು ಬ್ರಾಂಡಿಸ್ ಕನಸು. ಆದರೆ ಅದರಲ್ಲೊಂದು ಗಂಟು ಇತ್ತು. ಊರಿಗೆ ಅಡವಿ ಕೊಡಬೇಕಾದರೂ ಮೊದಲು ಅದನ್ನು ಸರ್ಕಾರ ಮೀಸಲು ಅರಣ್ಯ ಅಂತ ತನ್ನ ವಶಕ್ಕೆ ತಗೋಬೇಕು. ಒಮ್ಮೆ ಒಳಗೆ ಹೋದದ್ದು ಹೊರಗೆ ಬರುತ್ತದೆ ಅಂತ ಯಾರು ನಂಬ್ತಾರೆ? ಮೀಸಲು ಅರಣ್ಯದ ವಿಸ್ತೀರ್ಣ ವರ್ಷ ವರ್ಷ ಏರಿತು, ಗ್ರಾಮ ಅರಣ್ಯ ಬಹುತೇಕ ಕಾಗದದಲ್ಲೇ ಉಳಿಯಿತು. ಇದರಲ್ಲಿ ಬ್ರಾಂಡಿಸ್ ಪಾಲೂ ಇದೆ. ಇಷ್ಟು ಬಲದ ಇಲಾಖೆ ಕಟ್ಟಿ, ಡೆಹ್ರಾಡೂನಿನಲ್ಲಿ 1878ರಲ್ಲಿ ರೇಂಜರ್‌ಗಳ ಶಾಲೆ ತೆರೆಸಿದವರು ಅವರೇ. ಅಷ್ಟು ಬಲ ಬಂದ ಮೇಲೆ ಇಲಾಖೆ ಊರವರ ಮಾತು ಕೇಳಲಿಲ್ಲ.

1883ರಲ್ಲಿ ನಿವೃತ್ತಿ. ಬಾನ್‌ಗೆ ಮರಳಿ ಹೊಸ ಹುಡುಗರಿಗೆ ಕಲಿಸಿದರು. ಅವರ ಮಾರ್ಗದರ್ಶನ ಪಡೆದವರಲ್ಲಿ ಗಿಫರ್ಡ್ ಪಿಂಚೋ ಮುಂದೆ ಅಮೆರಿಕದ ಫಾರೆಸ್ಟ್ ಸರ್ವಿಸ್‌ನ ಮೊದಲ ಮುಖ್ಯಸ್ಥರಾದರು. 80 ದಾಟಿದ ಮೇಲೂ ಕೂತು ಬರೆದ ಭಾರತದ ಮರಗಳ ದೊಡ್ಡ ಪುಸ್ತಕ 1906ರಲ್ಲಿ ಬಂತು. ಮರುವರ್ಷ, 1907ರ ಮೇ 28ರಂದು ತೀರಿಕೊಂಡರು.

ಅವರು ಹೋದ ಮೇಲೆ, ಇದೇ ಮುಂಬೈ ಪ್ರಾಂತ್ಯದ ಉತ್ತರ ಕನ್ನಡದಲ್ಲಿ ಅಡವಿ ಸಮಸ್ಯೆ ಕೈಮೀರಿತು. ಜನರ ಅಹವಾಲು ಕೇಳಿದ ಕಾಲಿನ್ಸ್ ಅನ್ನುವ ಅಧಿಕಾರಿ ವರದಿ ಕೊಟ್ಟ ನಂತರ 1920ರ ದಶಕದಲ್ಲಿ ಕೆಲವು ಊರಿಗೆ ಗ್ರಾಮ ಅರಣ್ಯ ಪಂಚಾಯಿತಿ ಬಂತು. ಕುಮಟಾ ತಾಲೂಕಿನ ಹಳಕಾರ ಅಂಥದೊಂದು ಊರು. 200 ಎಕರೆಗಿಂತ ಸ್ವಲ್ಪ ಜಾಸ್ತಿ ಅಡವಿ. ಊರವರೇ ಆರಿಸಿದ ಸಮಿತಿ, ಊರವರೇ ನೇಮಿಸಿದ ಕಾವಲುಗಾರ. ಕಟ್ಟಿಗೆ, ಒಣ ಎಲೆ ಯಾವಾಗ ಎಷ್ಟು ತರಬೇಕು ಅನ್ನೋದಕ್ಕೆ ಅವರದೇ ಕಟ್ಟಳೆ, ತಪ್ಪಿದವರಿಗೆ ದಂಡ. ಸುತ್ತಲಿನ ಗುಡ್ಡ ಬೋಳಾದರೂ ಅವರದು ಹಸಿರಾಗಿ ಉಳಿಯಿತು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ ಸರ್ಕಾರ ಈ ಪಂಚಾಯಿತಿಗಳನ್ನು ರದ್ದು ಮಾಡಲು ಹೊರಟಾಗ, ಹಳಕಾರದವರು ಕೋರ್ಟಿಗೆ ಹೋಗಿ ತಮ್ಮ ಅಡವಿ ಬಿಡದೆ ಉಳಿಸಿಕೊಂಡರು.

1927ರ ಅರಣ್ಯ ಕಾಯ್ದೆಯಲ್ಲಿ ಗ್ರಾಮ ಅರಣ್ಯ 28ನೇ ಕಲಮಿನಲ್ಲಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅದಕ್ಕೊಂದು ಅಧ್ಯಾಯ ಇದೆ, ಈಗಿನ ಗ್ರಾಮ ಅರಣ್ಯ ಸಮಿತಿಗಳಿಗೂ ಅದೇ ಕಾಯ್ದೆಯಲ್ಲಿ ಆಮೇಲೆ ಜಾಗ ಮಾಡಲಾಯಿತು. ಸಮುದಾಯ ಅರಣ್ಯ ಹಕ್ಕು ಕೇಳಲು 2006ರ ಅರಣ್ಯ ಹಕ್ಕು ಕಾಯ್ದೆಯೂ ಇದೆ. ಅದರ ಅರ್ಜಿ ಮೊದಲು ಬರಬೇಕಾದ್ದು ಇಲಾಖೆಗಲ್ಲ, ಊರಿನ ಗ್ರಾಮಸಭೆಗೆ.