ಆರ್ಚಿಬಾಲ್ಡ್ ವಿವಿಯನ್ ಹಿಲ್

ಆರ್ಚಿಬಾಲ್ಡ್ ವಿವಿಯನ್ ಹಿಲ್ (26 ಸೆಪ್ಟೆಂಬರ್ 1886 – 3 ಜೂನ್ 1977) ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ. ಸ್ನಾಯುಗಳಲ್ಲಿ ಶಾಖ ಉತ್ಪತ್ತಿಯಾಗುವ ಬಗೆಯನ್ನು ಕುರಿತ ಸಂಶೋಧನೆಗಾಗಿ 1922ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಒಟ್ಟೊ ಮೇಯರ್‌ಹೋಫ್ ಅವರೊಂದಿಗೆ ಹಂಚಿಕೊಂಡರು. ತೀವ್ರ ವ್ಯಾಯಾಮದಲ್ಲಿ ದೇಹವು ಬಳಸಬಲ್ಲ ಆಮ್ಲಜನಕಕ್ಕೆ ಗರಿಷ್ಠ ಮಿತಿಯೊಂದಿದೆ ಎಂಬುದನ್ನು ಓಟಗಾರರ ಉಸಿರನ್ನು ಅಳೆದು ತೋರಿಸಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಹಿಲ್ ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿ, ಬಳಿಕ ವಾಲ್ಟರ್ ಫ್ಲೆಚರ್ ಅವರ ಪ್ರೇರಣೆಯಿಂದ ಶರೀರಕ್ರಿಯಾಶಾಸ್ತ್ರದತ್ತ ಹೊರಳಿದರು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ರೀತಿಯನ್ನು ವಿವರಿಸಲು 1910ರಲ್ಲಿ ಅವರು ರೂಪಿಸಿದ ಸೂತ್ರವು ಇಂದಿಗೂ ಹಿಲ್ ಸಮೀಕರಣವೆಂದೇ ಪ್ರಸಿದ್ಧವಾಗಿದೆ. 1913ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ಸಹೋದರಿ ಮಾರ್ಗರೆಟ್ ಅವರನ್ನು ವಿವಾಹವಾದರು.

ಸಂಶೋಧನೆ

ಕಪ್ಪೆಯ ಸ್ನಾಯುವಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಸ್ನಾಯು ಸಂಕುಚಿಸುವಾಗ ಹೊಮ್ಮುವ ಶಾಖಕ್ಕೆ ಆಮ್ಲಜನಕ ಬೇಕಿಲ್ಲವೆಂದೂ, ಅನಂತರದ ಚೇತರಿಕೆಯ ಹಂತಕ್ಕೆ ಅದು ಅವಶ್ಯವೆಂದೂ ಹಿಲ್ ಕಂಡುಕೊಂಡರು. 1920ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಾಧ್ಯಾಪಕರಾದ ಬಳಿಕ ಇದೇ ವಿಚಾರವನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಸ್ವತಃ ಓಟಗಾರರಾಗಿದ್ದ ಅವರು ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಡ್ಡಿಕೊಂಡರು. ಓಡುವವನ ಬೆನ್ನಿಗೆ ಡಗ್ಲಸ್ ಚೀಲವನ್ನು ಕಟ್ಟಿ, ಹೊರಬಿಟ್ಟ ಉಸಿರನ್ನು ಅದರಲ್ಲಿ ಸಂಗ್ರಹಿಸಿ ವಿಶ್ಲೇಷಿಸಲಾಗುತ್ತಿತ್ತು.

ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಏರುತ್ತದೆ. ಆದರೆ ಒಂದು ಹಂತದ ನಂತರ ವೇಗ ಹೆಚ್ಚಿದರೂ ಬಳಕೆ ಏರುವುದಿಲ್ಲ. ಹಿಲ್ ಅವರ ದೇಹದಲ್ಲಿ ಈ ಮಿತಿ ನಿಮಿಷಕ್ಕೆ ಸುಮಾರು 4 ಲೀಟರ್ ಆಗಿತ್ತು. ಮಿತಿಯನ್ನು ಮೀರಿದ ಶ್ರಮಕ್ಕೆ ಬೇಕಾದ ಶಕ್ತಿಯು ಆಮ್ಲಜನಕವಿಲ್ಲದೆ ಒದಗಿ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರಗೊಳ್ಳುತ್ತದೆ. ಓಟ ನಿಂತ ಮೇಲೂ ಏದುಸಿರು ಮುಂದುವರಿಯುವುದು ಈ ಕೊರತೆಯನ್ನು ತುಂಬಲು ಎಂದು ವಿವರಿಸಿ, ಅದನ್ನು ಆಮ್ಲಜನಕದ ಸಾಲ ಎಂದು ಕರೆದರು. ಹಾರ್ಟ್ಲಿ ಲಪ್ಟನ್ ಅವರೊಡನೆ ಈ ಕುರಿತು 1923ರಲ್ಲಿ ಪ್ರಬಂಧ ಪ್ರಕಟಿಸಿದರು.

ಇಂದಿನ ತಿಳುವಳಿಕೆ

ಸಮುದ್ರಮಟ್ಟದಲ್ಲಿ ಹೆಚ್ಚಿನ ಆರೋಗ್ಯವಂತರ ಅಪಧಮನಿಯ ರಕ್ತವು ತೀವ್ರ ವ್ಯಾಯಾಮದಲ್ಲೂ ಆಮ್ಲಜನಕದಿಂದ ಬಹುಮಟ್ಟಿಗೆ ತುಂಬಿರುತ್ತದೆ. ಆದ್ದರಿಂದ ಇನ್ನಷ್ಟು ವೇಗವಾಗಿ ಉಸಿರಾಡುವುದರಿಂದ ಮಾತ್ರ ಬಳಕೆ ಹೆಚ್ಚುವುದಿಲ್ಲ. ಹೃದಯವು ಸ್ನಾಯುಗಳಿಗೆ ಎಷ್ಟು ರಕ್ತವನ್ನು ಪೂರೈಸಬಲ್ಲದು ಎಂಬುದೇ ಮುಖ್ಯ ಮಿತಿಯೆಂದು ಪರಿಗಣಿಸಲಾಗಿದೆ. ಸಾಲದ ಕಲ್ಪನೆಯೂ ಪರಿಷ್ಕೃತವಾಗಿದೆ. ಶ್ರಮದ ಅನಂತರ ಬಳಕೆಯಾಗುವ ಹೆಚ್ಚುವರಿ ಆಮ್ಲಜನಕಕ್ಕೆ ಲ್ಯಾಕ್ಟಿಕ್ ಆಮ್ಲವೊಂದೇ ಕಾರಣವಲ್ಲ. ಏರಿದ ದೇಹದ ಉಷ್ಣತೆ, ಕ್ರಿಯಾಟಿನ್ ಫಾಸ್ಫೇಟಿನ ಮರುಪೂರಣ ಮೊದಲಾದವೂ ಕಾರಣಗಳಾಗಿವೆ. ಆದರೆ ಗರಿಷ್ಠ ಆಮ್ಲಜನಕ ಬಳಕೆಯ ಅಳತೆಯು ಕ್ರೀಡಾವಿಜ್ಞಾನದಲ್ಲೂ ಹೃದ್ರೋಗ ಚಿಕಿತ್ಸೆಯಲ್ಲೂ ಬಳಕೆಯಲ್ಲಿದೆ.

ಸಾರ್ವಜನಿಕ ಜೀವನ

1933ರಲ್ಲಿ ನಾಜಿ ಆಡಳಿತದಿಂದ ಹುದ್ದೆ ಕಳೆದುಕೊಂಡ ವಿದ್ವಾಂಸರ ನೆರವಿಗೆಂದು ಬ್ರಿಟನ್ನಿನಲ್ಲಿ ಸ್ಥಾಪನೆಯಾದ ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್‌ನ ಸ್ಥಾಪಕರಲ್ಲಿ ಹಿಲ್ ಒಬ್ಬರು. ಜರ್ಮನಿಯಿಂದ ಬಂದು ಅವರ ಪ್ರಯೋಗಾಲಯದಲ್ಲಿ ಆಶ್ರಯ ಪಡೆದ ಬರ್ನಾರ್ಡ್ ಕಾಟ್ಜ್ ಮುಂದೆ 1970ರಲ್ಲಿ ನೊಬೆಲ್ ಪುರಸ್ಕೃತರಾದರು. 1940ರಿಂದ 1945ರವರೆಗೆ ಹಿಲ್ ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದರು. 1943–44ರಲ್ಲಿ ಭಾರತಕ್ಕೆ ಭೇಟಿ ನೀಡಿ, ಇಲ್ಲಿನ ವೈಜ್ಞಾನಿಕ ಸಂಶೋಧನೆಯ ಸ್ಥಿತಿಗತಿಯನ್ನು ಕುರಿತು ವರದಿ ಸಲ್ಲಿಸಿದರು. 1948ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಪಡೆದ ಅವರು, 1977ರಲ್ಲಿ ಕೇಂಬ್ರಿಜ್‌ನಲ್ಲಿ ನಿಧನರಾದರು.